ದಿಂಬು ಊಟ ಬಿಟ್ಟ ದಿನ

ಎಲ್ಲಕ್ಕೂ ಕಾರಣ ಒಂದು ಸೌತೆಕಾಯಿಯ ಹೋಳು. ಹಿಂದಿನ ಸಂಜೆ ಬಟ್ಟಲಲ್ಲಿಟ್ಟದ್ದು ಬೆಳಿಗ್ಗೆ ಏಳಕ್ಕೆ ಇಟ್ಟಲ್ಲೇ ಇತ್ತು. ಅಂಚು ಒಣಗಿ ಮೇಲಕ್ಕೆ ಮಡಿಸಿಕೊಂಡಿತ್ತು. ಅದರ ಮೇಲೆ ಒಂದೇ ಒಂದು ಹಲ್ಲಿನ ಗುರುತೂ ಇರಲಿಲ್ಲ. ಹಲ್ಲಿನ ಗುರುತಿನ ವಿಷಯದಲ್ಲಿ ಮೇಸ್ತ್ರಿ ಮೋಸ ಹೋಗುವವನಲ್ಲ. ಕಟ್ಟುಹಲ್ಲು ತಯಾರಿಸುವ ಕಾರ್ಖಾನೆಯಲ್ಲಿ ಅವನು ಹದಿನಾಲ್ಕು ವರ್ಷದಿಂದ ಹಲ್ಲು ಜೋಡಿಸುತ್ತಿದ್ದ. ಬೀದಿಯವರು ಅವನ ಹೆಸರನ್ನು ಎಂದೋ ಮರೆತು ‘ಹಲ್ಲಿನ ಮೇಸ್ತ್ರಿ’ ಎಂದೇ ಕರೆಯುತ್ತಿದ್ದರು.

ಪಂಜರದೊಳಗಿದ್ದದ್ದು ಅವನ ಅತ್ತೆಯ ಗಿನಿಹಂದಿ. ಹೆಸರಿಗೆ ಹಂದಿಯೇ ಹೊರತು, ಎರಡು ಅಂಗೈಯಲ್ಲಿ ಹಿಡಿಸುವಷ್ಟು ದೊಡ್ಡದು, ಬಾಲವಿಲ್ಲ, ಮೈಯೆಲ್ಲ ಕಂದು ಬಿಳಿ ಕೂದಲು. ಆಕಾರ ನೋಡಿ ಅತ್ತೆ ಅದಕ್ಕೆ ‘ದಿಂಬು’ ಎಂದು ಹೆಸರಿಟ್ಟಿದ್ದರು. ಫ್ರಿಜ್ಜಿನ ಬಾಗಿಲು ತೆರೆದ ಸದ್ದಾದರೆ ಸಾಕು, ಮೂರು ಕೋಣೆ ಆಚೆಯಿಂದ ಅದು ಶಿಳ್ಳೆ ಹೊಡೆಯುತ್ತಿತ್ತು. ಮೇಸ್ತ್ರಿ ಎದ್ದು ಹೋಗಿ ಫ್ರಿಜ್ಜಿನ ಬಾಗಿಲು ತೆರೆದ. ಶಿಳ್ಳೆಯಿಲ್ಲ. ಮುಚ್ಚಿ ಮತ್ತೆ ತೆರೆದ. ಫ್ರಿಜ್ಜು ಗುರ್ ಎಂದಿತೇ ಹೊರತು ದಿಂಬು ಉಸಿರೆತ್ತಲಿಲ್ಲ.

ಅತ್ತೆ ಮೂರು ದಿನದ ಹಿಂದೆ ಮಗಳನ್ನು, ಅಂದರೆ ಮೇಸ್ತ್ರಿಯ ಹೆಂಡತಿಯನ್ನು, ಜೊತೆಗೆ ಕರೆದುಕೊಂಡು ತಮ್ಮ ತಂಗಿಯ ಮನೆಗೆ ಹೋಗಿದ್ದರು. ಹೊರಡುವಾಗ ಪಂಜರದ ಮುಂದೆ ನಿಂತು, “ಹುಲ್ಲು, ನೀರು, ಸೌತೆಕಾಯಿ. ಮೂರೇ ಮೂರು ಕೆಲಸ. ಇದನ್ನಾದ್ರೂ ಸರಿಯಾಗಿ ಮಾಡಿ ಅಳಿಯಂದ್ರೇ. ನಾನು ಬರೋ ಹೊತ್ತಿಗೆ ನನ್ನ ಮಗ ಹೀಗೇ ಇರ್ಬೇಕು” ಎಂದಿದ್ದರು. ಆ ‘ಇದನ್ನಾದ್ರೂ’ ಎನ್ನುವ ಮಾತು ಮೇಸ್ತ್ರಿಯ ಕಿವಿಯಲ್ಲಿ ಮೂರು ದಿನವೂ ಗುಂಯ್‌ಗುಡುತ್ತಿತ್ತು.

ಯಾಕೆಂದರೆ ಮದುವೆಯಾದ ಆರು ವರ್ಷದಲ್ಲಿ ಅತ್ತೆ ಅವನನ್ನು ಹೊಗಳಿದ್ದು ಒಂದೇ ಸಲ. ಅವನು ಬಡಿದ ಮೊಳೆ ಸೊಟ್ಟ, ಅವನು ತಂದ ತರಕಾರಿ ಬಲಿತದ್ದು, ಅವನು ಕೊಡೆ ಮಡಿಸುವ ರೀತಿಯೇ ತಪ್ಪು. ಆದರೆ ಎಂಟು ತಿಂಗಳ ಹಿಂದೆ ಅವನು ತನ್ನ ಕೈಯಾರೆ ಅವರಿಗೊಂದು ಹಲ್ಲಿನ ಸೆಟ್ಟು ಮಾಡಿಕೊಟ್ಟಿದ್ದ. ಮೇಲಿನ ಹಲ್ಲು ಕೆಳಗಿನದಕ್ಕೆ ಸರಿಯಾಗಿ ಕೂರುತ್ತದೆಯೇ ಎಂದು ನೋಡಬೇಕು, ಒಂದು ಸಲ ಕರೆದುಕೊಂಡು ಬನ್ನಿ ಎಂದು ದಂತವೈದ್ಯರು ಹೇಳಿದಾಗ, “ಬೇಡಿ ಸಾರ್, ಆರು ವರ್ಷದಿಂದ ಆ ಬಾಯಿ ಅಷ್ಟಗಲ ತೆರೆದಿರೋದನ್ನ ದಿನಾ ನೋಡ್ತಿದೀನಿ, ಅಳತೆ ನಂಗೆ ಬಾಯಿಪಾಠ” ಎಂದಿದ್ದ. ಅತ್ತೆ ಆ ಹಲ್ಲು ಹಾಕಿಕೊಂಡು ಕನ್ನಡಿ ನೋಡಿ, “ಪರವಾಗಿಲ್ಲ, ಒಂದು ಕೆಲಸ ಬರುತ್ತೆ ನಿಮ್ಗೆ” ಎಂದಿದ್ದರು. ಬೀದಿಗೆಲ್ಲ ನಕ್ಕು ತೋರಿಸಿದ್ದರು. ಅದನ್ನು ನೋಡಿಯೇ ಎದುರು ಮನೆಯ ನಿವೃತ್ತ ಬಸ್ ಕಂಡಕ್ಟರರೂ ಅವನ ಕೈಯಲ್ಲೇ ಒಂದು ಸೆಟ್ಟು ಮಾಡಿಸಿಕೊಂಡಿದ್ದರು. ಆ ಒಂದು ಹೊಗಳಿಕೆಯನ್ನು ಮೇಸ್ತ್ರಿ ಪದಕದ ಹಾಗೆ ಎದೆಗೆ ತಗಲಿಸಿಕೊಂಡು ಓಡಾಡುತ್ತಿದ್ದ. ದಿಂಬುವಿಗೆ ಏನಾದರೂ ಆದರೆ ಅದೂ ಕಿತ್ತುಹೋಗುವುದು ಖಂಡಿತ.

ಅವನು ಪಂಜರದೊಳಗೆ ಕೈ ಹಾಕಿ ದಿಂಬುವನ್ನು ಎತ್ತಿಕೊಂಡ. ಅದು ಮೈ ಉಬ್ಬಿಸಿಕೊಂಡು, ಬೆನ್ನು ಗೂನು ಮಾಡಿ ಕೂತಿತ್ತು. ಗದ್ದದ ಕೂದಲು ಜೊಲ್ಲಿನಿಂದ ಒದ್ದೆಯಾಗಿತ್ತು. ಹಿಕ್ಕೆ ಎಂದಿನ ಅರ್ಧದಷ್ಟೂ ಇಲ್ಲ, ಇದ್ದವೂ ಎಳ್ಳಿನ ಗಾತ್ರ. ನಿನ್ನೆ, ಮೊನ್ನೆ ಹುಲ್ಲು ಚೆಲ್ಲಾಪಿಲ್ಲಿ ಬಿದ್ದಿದ್ದನ್ನು ನೋಡಿ ತಿನ್ನುತ್ತಿದೆ ಎಂದುಕೊಂಡಿದ್ದ. ಈಗ ನೋಡಿದರೆ ಅದು ಒಂದೊಂದೇ ಕಡ್ಡಿಯನ್ನು ಬಾಯಿಗೆ ತೆಗೆದುಕೊಂಡು ಹಾಗೇ ಉದುರಿಸಿತ್ತು, ಅಷ್ಟೇ.

ಪಂಜರದ ಕಂಬಿಗೆ ಒಂದು ಹಳೆಯ ಚೀಟಿಯನ್ನು ದಾರದಲ್ಲಿ ಕಟ್ಟಿದ್ದರು. ದಿಂಬುವನ್ನು ತಂದ ಹೊಸದರಲ್ಲಿ ಪ್ರಾಣಿಗಳ ಆಸ್ಪತ್ರೆಯವರು ಕೊಟ್ಟದ್ದು. ಎರಡು ವರ್ಷದಿಂದ ಅದರ ಪಕ್ಕದಲ್ಲೇ ಓಡಾಡಿದರೂ ಅವನು ಓದಿರಲಿಲ್ಲ. ಈಗ ಓದಿದ: ‘ಗಿನಿಹಂದಿಯ ಹೊಟ್ಟೆ ಖಾಲಿ ಇರಬಾರದು. ಅರ್ಧ ದಿನ ಏನೂ ತಿನ್ನದಿದ್ದರೆ, ಹಿಕ್ಕೆ ಕಡಿಮೆಯಾದರೆ, ಗದ್ದ ಒದ್ದೆಯಾಗಿದ್ದರೆ ಕಾಯಬೇಡಿ. ಆ ದಿನವೇ ಕರೆತನ್ನಿ.’

ಮೇಸ್ತ್ರಿ ಬೆರಳು ಮಡಿಸಿ ಎಣಿಸಿದ. ಮೂರಕ್ಕೆ ಮೂರೂ ಇದ್ದವು. ಅವನಿಗೆ ನಿಜವಾಗಿಯೂ ಭಯವಾಯಿತು, ಅತ್ತೆಯ ಭಯ ಒಂದು ಕಡೆ ಇರಲಿ, ಅಂಗೈಯಲ್ಲಿ ಪುಟ್ಟ ಎದೆ ಡವಡವ ಹೊಡೆದುಕೊಳ್ಳುತ್ತಿದ್ದದ್ದು ಅವನಿಗೆ ಸಹಿಸಲಾಗಲಿಲ್ಲ. ಆಸ್ಪತ್ರೆಗೆ ಫೋನು ಮಾಡಿದ. ಡಾಕ್ಟರು ಒಂದು ದೊಡ್ಡ ಆಪರೇಷನ್ನಿಗೆ ಹೋಗಿದ್ದಾರೆ, ಒಂದು ಗಂಟೆಗೆ ಬರುತ್ತಾರೆ, ಮೊದಲನೇ ಸರದಿ ನಿಮಗೇ, ಅಲ್ಲಿಯವರೆಗೆ ಬೆಚ್ಚಗಿಡಿ, ನೀವಾಗಿ ಏನೂ ವೈದ್ಯ ಮಾಡಬೇಡಿ ಎಂದಳು ಅಲ್ಲಿಯ ಹುಡುಗಿ.

“ಒಂದು ಗಂಟೆಗೆ ಬಂದೇ ಬರ್ತೀನಿ. ಏನೇ ಆದ್ರೂ ಬರ್ತೀನಿ” ಎಂದ ಮೇಸ್ತ್ರಿ. ಹುಡುಗಿ ಸರಿ ಎಂದು ಫೋನು ಇಟ್ಟಮೇಲೂ ಇನ್ನೊಂದು ಸಲ ಹೇಳಿದ.

ಹಾಗೆಂದು ಗಟ್ಟಿಯಾಗಿ ಹೇಳಿದ್ದೇ ತಪ್ಪಾಯಿತು. ಕಿಟಕಿ ತೆರೆದಿತ್ತು. ಎದುರು ಮನೆಯ ಕಂಡಕ್ಟರರ ಕಿವಿ ಎಷ್ಟು ಚುರುಕೆಂದರೆ, ಯಾರ ಮನೆಯಲ್ಲಿ ಚಮಚ ಬಿದ್ದರೂ ಅದು ಯಾವ ಚಮಚ ಎಂದು ಹೇಳುತ್ತಿದ್ದರು. ಎರಡು ನಿಮಿಷದಲ್ಲಿ ಅವರು ಒಳಗಿದ್ದರು. ಹಿಂದೆಯೇ ಪಕ್ಕದ ಮನೆಯ ಸಂಗೀತದ ಮೇಡಂ.

“ಸರೀರಿ, ಒಳಗೆ ಸರೀರಿ, ಜಾಗ ಬಿಡಿ” ಎಂದು ಖಾಲಿ ಕೋಣೆಯಲ್ಲೇ ದಾರಿ ಮಾಡಿಕೊಂಡು ಬಂದ ಕಂಡಕ್ಟರರು ಪಂಜರದ ಮೇಲೆ ಬಗ್ಗಿದರು. “ಏನಿಲ್ಲ ಬಿಡಿ. ನಮ್ಮ ಡಿಪೋದಲ್ಲಿ ಒಂದು ಬೆಕ್ಕಿಗೆ ಹೀಗೇ ಆಗಿತ್ತು. ಎರಡು ದಿನ ಉಪವಾಸ ಕೆಡವಿದ್ವಿ. ಮೂರನೇ ದಿನ ತಾನೇ ತಿಂತು.”

“ಇದಕ್ಕೆ ಎರಡು ದಿನ ಉಪವಾಸ ಹಾಕಿದ್ರೆ ಮೂರನೇ ದಿನ ಇರಲ್ಲ ಸಾರ್. ಚೀಟಿ ಓದಿ.”

“ಚೀಟಿ ಬರೆಯೋರಿಗೇನು, ಬರೀತಾರೆ.”

ಸಂಗೀತದ ಮೇಡಂ ತಲೆ ಓರೆ ಮಾಡಿ ದಿಂಬುವಿನ ಕಣ್ಣನ್ನು ನೋಡಿದರು. “ಇದು ಹೊಟ್ಟೇದಲ್ಲ, ಮನಸ್ಸಿಂದು. ನಿಮ್ಮತ್ತೇನ ಹಚ್ಕೊಂಡಿದೆ ಪಾಪ. ಅವರ ವಾಸನೆ ಬೇಕು, ಅವರ ಧ್ವನಿ ಬೇಕು. ಅವರ ಶಾಲು ಇದ್ರೆ ಹೊದ್ಕೊಳ್ಳಿ. ಅವರ ಹಾಗೇ ಮಾತಾಡಿಸಿ ನೋಡಿ.”

ಬೇರೆ ದಿನವಾಗಿದ್ದರೆ ಮೇಸ್ತ್ರಿ ನಕ್ಕುಬಿಡುತ್ತಿದ್ದ. ಆದರೆ ಒಂದು ಗಂಟೆಯವರೆಗೆ ಸುಮ್ಮನೆ ಕೂರುವುದಕ್ಕಿಂತ ಏನಾದರೂ ಮಾಡುವುದು ಮೇಲು ಎನ್ನಿಸಿತು. ಶಾಲಿನಿಂದ ಬೆಚ್ಚಗಾದರೂ ಆದೀತು. ಅತ್ತೆಯ ನೇರಳೆ ಶಾಲು ಹೊದ್ದ. ಮೇಡಂ ಒತ್ತಾಯಕ್ಕೆ ಅತ್ತೆಯ ಹಳೆಯ ಕನ್ನಡಕವನ್ನೂ ಏರಿಸಿದ. ದಿಂಬುವನ್ನು ಮಡಿಲಲ್ಲಿಟ್ಟುಕೊಂಡು ಧ್ವನಿ ತೆಳ್ಳಗೆ ಮಾಡಿ, “ಬಾರೋ ನನ್ನ ಮಗನೇ, ತಿನ್ನೋ ನನ್ನ ಕಂದಾ” ಎಂದ.

ದಿಂಬು ಅವನ ಮುಖ ನೋಡಿತು. ನಿಧಾನವಾಗಿ ತಿರುಗಿ ಬೆನ್ನು ಹಾಕಿ ಕೂತಿತು.

“ಧ್ವನಿ ಸಾಲದು. ಇನ್ನೂ ಸ್ವಲ್ಪ ಗದರಿ” ಎಂದರು ಮೇಡಂ.

ಅವನು ಗದರಿದ. ಅಷ್ಟರಲ್ಲಿ ಬಾಗಿಲಲ್ಲಿ ಪೇಪರಿನವನು ಬಂದು ನಿಂತಿದ್ದ. ಶಾಲು ಹೊದ್ದು ಕನ್ನಡಕ ಹಾಕಿ ಹೆಣ್ಣುದನಿಯಲ್ಲಿ ಗದರುತ್ತಿದ್ದ ಮನೆಯ ಯಜಮಾನನನ್ನು ಕಂಡು ಪೇಪರನ್ನು ಮೆಲ್ಲಗೆ ನೆಲಕ್ಕಿಟ್ಟು ಕಾಲಿಗೆ ಬುದ್ಧಿ ಹೇಳಿದ. ಇದರ ನಡುವೆ ಕಂಡಕ್ಟರರ ಧ್ವನಿ ಮೂಲೆಯಿಂದ ಕೇಳಿಸಿತು. ಅವರು ಫೋನಿನಲ್ಲಿದ್ದರು.

“ಗಾಬರಿ ಆಗ್ಬೇಡಿ ಅಮ್ಮಾವ್ರೇ. ಇನ್ನೂ ಉಸಿರಾಡ್ತಿದೆ... ಹೌದು, ಊಟ ಬಿಟ್ಟಿದೆ... ಇಲ್ಲ ಇಲ್ಲ, ಅಳಿಯಂದ್ರು ಇಲ್ಲೇ ಇದಾರೆ, ನಿಮ್ಮ ಶಾಲು ಹೊದ್ಕೊಂಡು ಕೂತಿದಾರೆ.”

ಮೇಸ್ತ್ರಿ ಎದ್ದು ಓಡಿ ಫೋನು ಕಿತ್ತುಕೊಳ್ಳುವ ಹೊತ್ತಿಗೆ ಕರೆ ಮುಗಿದಿತ್ತು. “ಯಾಕ್ ಸಾರ್ ಹೇಳಿದ್ರಿ? ಅವರು ನಾಳೆ ಬರೋರಿದ್ರು!”

“ನಾಳೆಯಲ್ಲ, ಇವತ್ತೇ ಬರ್ತಾರಂತೆ. ಹನ್ನೊಂದರ ಬಸ್ಸು ಹಿಡಿದ್ರೆ ಐದಕ್ಕೆ ಮನೇಲಿರ್ತಾರೆ” ಎಂದು ಕಂಡಕ್ಟರರು ಹೆಮ್ಮೆಯಿಂದ ಹೇಳಿದರು. “ಎಕ್ಸ್‌ಪ್ರೆಸ್ ಹಿಡೀರಿ ಅಂತ ನಾನೇ ಹೇಳ್ದೆ.”

ಇನ್ನು ಮನೆಯಲ್ಲಿ ದಿಂಬುವನ್ನು ಬಿಟ್ಟರೆ ಇವರಿಬ್ಬರು ಅದಕ್ಕೆ ಏನು ಮಾಡುತ್ತಾರೋ ಎಂದು ಹೆದರಿ ಮೇಸ್ತ್ರಿ ಒಂದು ಬುಟ್ಟಿಗೆ ಟವೆಲ್ ಹಾಸಿ, ಅದರಲ್ಲಿ ದಿಂಬುವನ್ನಿಟ್ಟುಕೊಂಡು ಕೆಲಸಕ್ಕೆ ಹೊರಟ. ರಜೆ ಹಾಕುವ ಹಾಗಿರಲಿಲ್ಲ. ಯಾರೋ ನಿವೃತ್ತ ನ್ಯಾಯಾಧೀಶರ ಸೆಟ್ಟು ಅಂದೇ ಮುಗಿಯಬೇಕಿತ್ತು. ‘ಒಂದಕ್ಕೆ ಆಸ್ಪತ್ರೆ, ಐದರೊಳಗೆ ಮನೆ. ಅತ್ತೆ ಬಾಗಿಲು ತೆರೆದಾಗ ದಿಂಬು ಹುಲ್ಲು ತಿನ್ನುತ್ತಿರಬೇಕು’ ಎಂದು ಹಲ್ಲು ಕಚ್ಚಿ ನಿರ್ಧರಿಸಿದ.

ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ಒಂದು ಉದ್ದ ಕೋಣೆ, ಮೂರು ಮೇಜು, ಗೋಡೆಯ ತುಂಬ ಹಲಗೆಗಳ ಮೇಲೆ, ಹಲ್ಲಿಲ್ಲದವರ ಬಾಯಿಯ ಅಚ್ಚಿಗೆ ಗಾರೆ ಹುಯ್ದು ಮಾಡಿದ ದವಡೆಗಳು. ಊರಿನ ಅರ್ಧ ಹಿರಿಯರು ಅಲ್ಲಿ ಒಸಡು ತೋರಿಸಿಕೊಂಡು ಸಾಲಾಗಿ ಕೂತಿದ್ದರು. ಅಲ್ಲಿ ಕೆಲಸ ಮಾಡುವವರು ಮನುಷ್ಯರ ಮುಖವನ್ನು ನೋಡುತ್ತಿದ್ದದ್ದು ಅಪರೂಪ, ದವಡೆ ಬರುತ್ತಿತ್ತು, ಹಲ್ಲು ಹೋಗುತ್ತಿತ್ತು. ಮೇಣದಲ್ಲಿ ಅಚ್ಚು ತಿದ್ದುವ ಮೇಣದಣ್ಣ ಬುಟ್ಟಿಯನ್ನು ಮೊದಲು ನೋಡಿದ.

“ಏನ್ ಮೇಸ್ತ್ರಿ, ಊಟಕ್ಕೆ ತಂದ್ಯಾ?”

“ಬಾಯಿ ಮುಚ್ಚು. ನಮ್ಮತ್ತೇದು. ಊಟ ಬಿಟ್ಟಿದೆ.”

ಮೇಣದಣ್ಣನ ಮುಖ ಗಂಭೀರವಾಯಿತು. ಹೊಳಪು ಕೊಡುವ ಮೇಜಿನಿಂದ ಪಾಲಿಶ್ ಅಕ್ಕನೂ ಎದ್ದು ಬಂದಳು. ಊಟ ಬಿಟ್ಟಿದೆ ಎಂದರೆ ಹಲ್ಲಿನ ವಿಷಯ, ಹಲ್ಲಿನ ವಿಷಯವೆಂದರೆ ತಮ್ಮದೇ ವಿಷಯ. ಒಬ್ಬಳು ದೀಪ ಹಿಡಿದಳು, ಒಬ್ಬ ಬಾಯಿಗನ್ನಡಿ ಹಿಡಿದ. ದಿಂಬುವಿನ ಮೇಲ್ದುಟಿಯನ್ನು ಹಗುರವಾಗಿ ಎತ್ತಿದರು. ಮುಂದಿನ ನಾಲ್ಕು ಹಲ್ಲು ಸಾಲಾಗಿ ಕಂಡವು.

“ಎಷ್ಟು ಚೆನ್ನಾಗಿದೆ!” ಎಂದಳು ಪಾಲಿಶ್ ಅಕ್ಕ. ಬಣ್ಣ ಹೋಲಿಸುವ ಪಟ್ಟಿ ತಂದು ಪಕ್ಕದಲ್ಲಿ ಹಿಡಿದಳು. “ನೋಡು, ಎರಡನೇ ನಂಬರಿನ ಬಣ್ಣ. ಕಲೆ ಇಲ್ಲ, ಬಿರುಕಿಲ್ಲ. ನಮ್ಮ ಯಜಮಾನ್ರಿಗೂ ಇಂಥ ಹಲ್ಲಿಲ್ಲ.”

“ಬಣ್ಣ ಬಿಡಕ್ಕಾ, ಉದ್ದ ನೋಡು” ಎಂದ ಮೇಣದಣ್ಣ. “ಮುಂದಿನವು ಒಂದು ಕೂದಲೆಳೆ ಉದ್ದ ಇದಾವೆ. ಅದಕ್ಕೇ ಕಚ್ಚಕ್ಕಾಗ್ತಿಲ್ಲ. ಮೋಟಾರಿಗೆ ಚಿಕ್ಕ ಕಲ್ಲು ಹಾಕಿ ಒಂದ್ಸಲ ಹೀಗೆ ಉಜ್ಜಿದ್ರೆ ಮುಗೀತು. ಆಸ್ಪತ್ರೆ ಯಾಕೆ?”

“ಮುಟ್ಟಿದ್ರೆ ನೋಡು!” ಎಂದ ಮೇಸ್ತ್ರಿ.

“ಹದಿನೆಂಟು ವರ್ಷದ ಅನುಭವ ಕಣೋ ನಂದು.”

“ನಿನ್ನ ಅನುಭವ ಎಲ್ಲ ಗಾರೆ ಮೇಲೆ. ಗಾರೆ ನೋವು ಅನ್ನಲ್ಲ.”

ಮೇಣದಣ್ಣ ಅಷ್ಟರಲ್ಲೇ ಮೋಟಾರಿನ ಗುಂಡಿ ಒತ್ತಿದ್ದ, ಬರೀ ತೋರಿಸುವುದಕ್ಕೆ. ಮೋಟಾರು ಝೊಯ್ಯೆಂದಿತು. ಊಟವಿಲ್ಲದೆ ಬಸವಳಿದಿದ್ದ ದಿಂಬುವಿಗೆ ಎಲ್ಲಿಂದ ಬಂತೋ ಶಕ್ತಿ, ಬುಟ್ಟಿಯಿಂದ ಚಂಗನೆ ಹಾರಿ ಮೇಜಿನ ಮೇಲೆ ಓಡಿತು. ಮೇಣದ ತಟ್ಟೆ ಬಿತ್ತು. ಹಲ್ಲಿನ ಡಬ್ಬಿ ಬಿತ್ತು. ಕೋರೆಹಲ್ಲು, ಬಾಚಿಹಲ್ಲು ಎಲ್ಲ ನೆಲದ ಮೇಲೆ ಟಣಟಣ ಕುಣಿದವು. ದಿಂಬು ಕಡೆಯ ಮೇಜಿಗೆ ಹಾರಿ, ಆಗ ತಾನೆ ಹುಯ್ದಿಟ್ಟಿದ್ದ ಹಸಿ ಗಾರೆಯ ಮೇಲೆ ಪಟಪಟ ಹೆಜ್ಜೆ ಹಾಕಿ, ಗೋಡೆಯ ಹಲಗೆಯ ಮೇಲೆ ಎರಡು ದವಡೆಗಳ ನಡುವೆ ಹೋಗಿ ಕೂತಿತು. ದವಡೆಗಳು ಅದನ್ನು ಕಚ್ಚಿ ಹಿಡಿದಂತೆ ಕಾಣುತ್ತಿತ್ತು.

ಕಾರ್ಖಾನೆಯ ಯಜಮಾನರು ಒಳಗೆ ಬರುವುದಕ್ಕೆ ಇದೇ ಸಮಯ ಬೇಕಿತ್ತು. ಅವರು ನೆಲ ನೋಡಿದರು, ಮೇಜು ನೋಡಿದರು, ಆಮೇಲೆ ಹಸಿ ಗಾರೆಯನ್ನು ಎತ್ತಿ ಬೆಳಕಿಗೆ ಹಿಡಿದರು.

“ಇದು ನ್ಯಾಯಾಧೀಶರ ಕೆಳದವಡೆ.”

“ಹೌದು ಸಾರ್.”

“ನ್ಯಾಯಾಧೀಶರ ಒಸಡಿನ ಮೇಲೆ ಈ ಹೂವಿನ ಗುರುತು ಯಾಕಿದೆ?”

ಹಲಗೆಯ ಮೇಲಿಂದ ದಿಂಬು ಸಣ್ಣದಾಗಿ ಸೀನಿತು. ಯಜಮಾನರು ತಲೆಯೆತ್ತಿ ನೋಡಿದರು. ಮೇಸ್ತ್ರಿ ಸ್ಟೂಲು ಹತ್ತಿ ಅದನ್ನು ಇಳಿಸಿ ಟವೆಲಿನಲ್ಲಿ ಸುತ್ತಿ, ಒಂದೊಂದೇ ಪಾದ ಒರೆಸಿದ. ಅದರ ಎದೆ ಈಗ ಇನ್ನೂ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಗಡಿಯಾರ ಹನ್ನೆರಡೂ ಕಾಲು ತೋರಿಸುತ್ತಿತ್ತು.

“ಈ ದವಡೆ ಮತ್ತೆ ಹುಯ್ದು ಮುಗಿಸಿ ಅಲ್ಲಾಡು ಇಲ್ಲಿಂದ” ಎಂದರು ಯಜಮಾನರು.

ಹದಿನಾಲ್ಕು ವರ್ಷದಲ್ಲಿ ಮೇಸ್ತ್ರಿ ಯಜಮಾನರಿಗೆ ಎದುರು ಮಾತಾಡಿದವನಲ್ಲ. ಈಗ ಮಾತಾಡಿದ. “ನ್ಯಾಯಾಧೀಶರು ನಾಳೆವರೆಗೆ ಗಂಜಿ ಕುಡಿದು ಬದುಕ್ತಾರೆ ಸಾರ್. ಇದು ಬದುಕಲ್ಲ. ನಾನು ಹೊರಟೆ.”

“ಹಾಗಾದ್ರೆ ಈ ತಿಂಗಳ ಭಾನುವಾರಗಳೆಲ್ಲ ನನ್ನವು!”

“ಇಟ್ಕೊಳ್ಳಿ ಸಾರ್” ಎಂದು ಬುಟ್ಟಿ ಎದೆಗವಚಿಕೊಂಡು ಮೇಸ್ತ್ರಿ ಮೆಟ್ಟಿಲಿಳಿದ. ತನ್ನ ಧೈರ್ಯಕ್ಕೆ ತಾನೇ ಬೆರಗಾಗಿ ಎರಡು ಮೆಟ್ಟಿಲು ಎಡವಿದ.

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಇನ್ನು ನಾಲ್ಕೇ ಸ್ಟಾಪು ಎಂದು ಅವನು ನೆಮ್ಮದಿಯಿಂದ ಉಸಿರು ಬಿಟ್ಟ. ಆ ಹೊತ್ತಿಗೆ ಬ್ರೇಕು ಬಿದ್ದು ಟವೆಲು ಜಾರಿತು. ಪಕ್ಕದ ಹೆಂಗಸು ಬುಟ್ಟಿಯೊಳಗೆ ಇಣುಕಿ, “ಇಲಿ! ಇಷ್ಟು ದೊಡ್ಡ ಇಲಿ!” ಎಂದು ಸೀಟಿನ ಮೇಲೆ ಹತ್ತಿ ನಿಂತಳು. ಅವಳು ಹತ್ತಿದ್ದನ್ನು ನೋಡಿ ಇನ್ನಿಬ್ಬರು ಹತ್ತಿದರು. ಯಾರೋ ಗಂಟೆ ಬಾರಿಸಿದರು. “ಇಲಿ ಅಲ್ಲಮ್ಮಾ, ಬಾಲ ಇದೆಯಾ ನೋಡಿ!” ಎಂದು ಮೇಸ್ತ್ರಿ ದಿಂಬುವನ್ನು ತಿರುಗಿಸಿ ಹಿಂಭಾಗ ತೋರಿಸಿದ. ಅದರಿಂದ ಯಾರಿಗೂ ಸಮಾಧಾನವಾಗಲಿಲ್ಲ. ಡ್ರೈವರು ಅವನನ್ನು ಎರಡು ಸ್ಟಾಪು ಮೊದಲೇ ಇಳಿಸಿ ಹೋದ.

ಮೇಸ್ತ್ರಿ ಓಡಿದ. ಶಾಲೆ ಬಿಟ್ಟ ಮೇಲೆ ಅವನು ಹಾಗೆ ಓಡಿದ್ದು ಇದೇ ಮೊದಲು. ಬುಟ್ಟಿ ಅಲುಗಾಡಬಾರದೆಂದು ಕೈಗಳನ್ನು ಮುಂದಕ್ಕೆ ಚಾಚಿ, ಮೊಣಕಾಲು ಮಡಿಸಿ, ಸೊಂಟ ಬಗ್ಗಿಸಿ ಓಡುತ್ತಿದ್ದವನನ್ನು ಬೀದಿಯ ಜನ ನಿಂತು ನೋಡಿದರು. ಒಂದಕ್ಕೆ ಎರಡು ನಿಮಿಷ ಇರುವಾಗ ಆಸ್ಪತ್ರೆಯ ಬಾಗಿಲು ದೂಡಿದ.

ಕೌಂಟರಿನ ಹುಡುಗಿ ಒಂದು ಫಾರಂ ಕೊಟ್ಟಳು. ರೋಗಿಯ ಹೆಸರು: ದಿಂಬು. ವಯಸ್ಸು: ಎರಡು. ರೋಗಿ ಕರೆತಂದವರಿಗೆ ಏನಾಗಬೇಕು: ಇಲ್ಲಿ ಪೆನ್ನು ನಿಂತಿತು. ಅತ್ತೆ ಅದನ್ನು ಮಗ ಎನ್ನುತ್ತಾರೆ. ಮೇಸ್ತ್ರಿ ಒಂದು ಕ್ಷಣ ಯೋಚಿಸಿ, ಏದುಸಿರು ಬಿಡುತ್ತಲೇ ‘ಬಾಮೈದ’ ಎಂದು ಬರೆದ.

ಡಾಕ್ಟರಮ್ಮ ಗಡಿಬಿಡಿಯಿಲ್ಲದ ಹೆಂಗಸು. ದಿಂಬುವನ್ನು ತಕ್ಕಡಿಯಲ್ಲಿಟ್ಟು ತೂಗಿದರು, ಹೊಟ್ಟೆ ಮುಟ್ಟಿ ನೋಡಿದರು, ಒದ್ದೆ ಗದ್ದವನ್ನು ಬೆರಳಲ್ಲಿ ಒರೆಸಿ ನೋಡಿದರು. “ಒಳ್ಳೇ ಕೆಲಸ ಮಾಡಿದ್ರಿ, ಇವತ್ತೇ ತಂದ್ರಿ. ಸುಮಾರು ಜನ ನಾಳೆ ತಿನ್ನುತ್ತೆ, ನಾಡಿದ್ದು ತಿನ್ನುತ್ತೆ ಅಂತ ಕಾಯ್ತಾರೆ. ಇವುಕ್ಕೆ ಕರುಳು ನಿಂತುಹೋದ್ರೆ ಆಮೇಲೆ ನಮ್ಮ ಕೈಲೂ ಏನಾಗಲ್ಲ.”

ಮೇಸ್ತ್ರಿಗೆ ಕಣ್ಣು ತುಂಬಿ ಬಂತು. ಬೆಳಿಗ್ಗೆಯಿಂದ ಅವನಿಗೆ ಯಾರೂ ಒಳ್ಳೆಯ ಮಾತು ಹೇಳಿರಲಿಲ್ಲ.

ಡಾಕ್ಟರಮ್ಮ ತುದಿಯಲ್ಲಿ ದೀಪವಿರುವ ಸಣ್ಣ ಕೊಳವೆಯೊಂದನ್ನು ದಿಂಬುವಿನ ಬಾಯಿಯೊಳಗೆ ಇಳಿಸಿದರು. “ಹೂಂ. ಅಂದ್ಕೊಂಡ ಹಾಗೇ. ನೀವೇನು ಕೆಲ್ಸ ಮಾಡ್ತೀರಿ?”

“ಹಲ್ಲು ಕಟ್ತೀನಿ ಡಾಕ್ಟ್ರೇ. ಮನುಷ್ಯರದ್ದು.”

“ಹಾಗಾದ್ರೆ ಬನ್ನಿ, ನೀವೇ ನೋಡಿ.”

ಮೇಸ್ತ್ರಿ ಒಂದು ಕಣ್ಣು ಮುಚ್ಚಿ ನೋಡಿದ. ಮುಂದಿನ ಹಲ್ಲುಗಳು ಮುತ್ತಿನಂತಿದ್ದವು. ಆದರೆ ಅವುಗಳ ಹಿಂದೆ, ಒಳಗೆ, ಎರಡೂ ಬದಿಯ ದವಡೆಹಲ್ಲು ಓರೆಯಾಗಿ ಬೆಳೆದು ನಾಲಗೆಯ ಮೇಲೆ ಕಮಾನು ಕಟ್ಟಿದ್ದವು. ನಾಲಗೆ ಅದರಡಿ ಸಿಕ್ಕಿಕೊಂಡಿತ್ತು. ಪಾಪದ ಪ್ರಾಣಿ ನುಂಗುವುದಾದರೂ ಹೇಗೆ?

“ಎಲ್ರೂ ಮುಂದಿನ ಹಲ್ಲು ನೋಡಿ ಚೆನ್ನಾಗಿದೆ ಅಂತಾರೆ. ತೊಂದ್ರೆ ಇರೋದು ಹಿಂದೆ” ಎಂದರು ಡಾಕ್ಟರಮ್ಮ. “ಇವುಗಳ ಹಲ್ಲು ಸಾಯೋವರೆಗೂ ಬೆಳೀತಾನೇ ಇರುತ್ತೆ. ಹುಲ್ಲು ಅರೆದು ಅರೆದು ಸವೀಬೇಕು. ಇದು ಹುಲ್ಲು ತಿಂದೇ ಇಲ್ಲ.”

“ಅಯ್ಯೋ, ಮೂರು ದಿನದಿಂದ ನಾನು ಹುಲ್ಲೇ ಹಾಕಿದ್ದು ಡಾಕ್ಟ್ರೇ!”

“ಮೂರು ದಿನದ ಮಾತಲ್ಲ ಇದು. ಏಳೆಂಟು ತಿಂಗಳ ಕೆಲ್ಸ. ಯಾರೋ ಇದಕ್ಕೆ ದಿನಾ ಮೆತ್ತಗಿರೋದು ತಿನ್ಸಿದಾರೆ. ಹಾಲಲ್ಲಿ ನೆನೆಸಿದ ಬ್ರೆಡ್ಡು, ಬಿಸ್ಕತ್ತು, ಅಂಥದ್ದು. ಅದು ನುಂಗ್ಕೊಂಡು ಕಾಲ ಹಾಕಿದೆ. ಮೂರು ದಿನದಿಂದ ಅದು ಸಿಗ್ಲಿಲ್ಲ, ಹುಲ್ಲು ಅಗಿಯಕ್ಕಾಗ್ಲಿಲ್ಲ, ನಿಮಗೆ ಗೊತ್ತಾಯ್ತು.”

ಮೇಸ್ತ್ರಿ ನಿಧಾನವಾಗಿ ನೆಟ್ಟಗಾದ. “ಅಂದ್ರೆ, ತಪ್ಪು ನಂದಲ್ಲ?”

“ನಿಮ್ದಲ್ಲ.”

“ಇದನ್ನ ಬರೆದು ಕೊಡ್ತೀರಾ?”

“ಔಷಧಿ ಬರೆದೇ ಕೊಡ್ತೀನಿ.”

“ಔಷಧಿ ಅಲ್ಲ ಡಾಕ್ಟ್ರೇ. ತಪ್ಪು ನಂದಲ್ಲ ಅನ್ನೋದನ್ನ. ಏಳೆಂಟು ತಿಂಗಳು ಅನ್ನೋದನ್ನ. ಮೆತ್ತಗಿನದು ತಿನ್ಸಿದ್ದು ಅನ್ನೋದನ್ನ. ಕೆಳಗೆ ಒಂದು ಸೀಲು.”

ಡಾಕ್ಟರಮ್ಮ ಅವನ ಮುಖ ನೋಡಿದರು. “ಇದು ಯಾರ ಪ್ರಾಣಿ?”

“ನಮ್ಮತ್ತೇದು.”

ಅವರು ಮತ್ತೇನೂ ಕೇಳದೆ ಬರೆದು ಸೀಲು ಒತ್ತಿದರು. ಅವರಿಗೂ ಮದುವೆಯಾಗಿತ್ತೆಂದು ಕಾಣುತ್ತದೆ.

ದಿಂಬುವನ್ನು ಸ್ವಲ್ಪ ಹೊತ್ತು ಮಲಗಿಸಿ, ಸಣ್ಣ ಅರದಿಂದ ಆ ಕಮಾನನ್ನು ತೆಗೆದು ಹಲ್ಲು ಸಮ ಮಾಡಿದರು. ಎಚ್ಚರವಾಗಿ ಚೇತರಿಸಿಕೊಂಡ ಮೇಲೆ, ಹಸಿರು ಪುಡಿಯೊಂದನ್ನು ಬೆಚ್ಚಗಿನ ನೀರಲ್ಲಿ ಕಲಸಿ ಸೂಜಿಯಿಲ್ಲದ ಸಿರಿಂಜಿನಲ್ಲಿ ಬಾಯಿಯ ಪಕ್ಕದಿಂದ ತೊಟ್ಟು ತೊಟ್ಟಾಗಿ ಕುಡಿಸುವುದನ್ನು ತೋರಿಸಿಕೊಟ್ಟರು. ಮೊದಲ ತೊಟ್ಟಿಗೆ ದಿಂಬು ಮುಖ ತಿರುಗಿಸಿತು. ಎರಡನೆಯದಕ್ಕೆ ನಾಲಗೆ ಹೊರಹಾಕಿತು. ಮೂರನೆಯದನ್ನು ಚಪ್ಪರಿಸಿತು. ಮೇಸ್ತ್ರಿ ತನಗರಿವಿಲ್ಲದೆ ತಾನೂ ಬಾಯಿ ಚಪ್ಪರಿಸಿದ.

“ಮೂರು ಗಂಟೆಗೊಂದ್ಸಲ ಕುಡಿಸಿ. ಹುಲ್ಲು ಯಾವಾಗ್ಲೂ ಮುಂದೆ ಇರ್ಲಿ, ತಾನೇ ಶುರು ಮಾಡುತ್ತೆ. ದಿನಾ ತೂಕ ನೋಡಿ. ನಾಳೆ ಬೆಳಿಗ್ಗೆ ಒಂದ್ಸಲ ಕರ್ಕೊಂಡು ಬನ್ನಿ.”

ಮನೆಗೆ ಹೋಗುವ ದಾರಿಯುದ್ದಕ್ಕೂ ಮೇಸ್ತ್ರಿಯ ಕಾಲು ನೆಲದ ಮೇಲಿರಲಿಲ್ಲ. ಒಂದು ಕೈಯಲ್ಲಿ ಬುಟ್ಟಿ, ಇನ್ನೊಂದು ಕೈ ಜೇಬಿನ ಮೇಲೆ. ಜೇಬಿನಲ್ಲಿ ಆ ಕಾಗದ. ಆರು ವರ್ಷದ ಸೊಟ್ಟ ಮೊಳೆ, ಬಲಿತ ತರಕಾರಿ, ತಪ್ಪಾಗಿ ಮಡಿಸಿದ ಕೊಡೆ ಎಲ್ಲಕ್ಕೂ ಸೀಲು ಒತ್ತಿದ ಉತ್ತರ ಅದರಲ್ಲಿತ್ತು. ಸಣ್ಣ ದನಿಯಲ್ಲಿ ಓದಬೇಕೋ ದೊಡ್ಡ ದನಿಯಲ್ಲಿ ಓದಬೇಕೋ ಎಂದು ಯೋಚಿಸಿದ. ದೊಡ್ಡ ದನಿಯೇ ಸರಿ ಎಂದುಕೊಂಡ.

ಅವನು ಮನೆ ಮುಟ್ಟುವಾಗ ಐದು ದಾಟಿತ್ತು, ಅತ್ತೆ ಆಗಲೇ ಬಂದು ನಡುಮನೆಯ ಕುರ್ಚಿಯಲ್ಲಿ ಕೂತಿದ್ದರು. ಪ್ರಯಾಣದ ಚೀಲ ಬಿಚ್ಚಿರಲಿಲ್ಲ. ಒಂದು ಪಕ್ಕದಲ್ಲಿ ಹೆಂಡತಿ, ಇನ್ನೊಂದು ಪಕ್ಕದಲ್ಲಿ ಸಂಗೀತದ ಮೇಡಂ, ಬಾಗಿಲಲ್ಲಿ ಕಂಡಕ್ಟರರು. ಖಾಲಿ ಪಂಜರದ ಮುಂದೆ ಎಲ್ಲರೂ ಸಾವಿನ ಮನೆಯವರ ಹಾಗೆ ಕೂತಿದ್ದರು.

“ಬಂದ್ರಾ?” ಎಂದರು ಅತ್ತೆ. “ಎಲ್ಲಿ ನನ್ನ ಮಗ? ಮೂರು ಕೆಲ್ಸ ಹೇಳಿ ಹೋಗಿದ್ದೆ ಅಳಿಯಂದ್ರೇ. ಮೂರೇ ಮೂರು.”

ಮೇಸ್ತ್ರಿ ದಿಂಬುವನ್ನು ಎತ್ತಿ ಅವರ ಮಡಿಲಲ್ಲಿಟ್ಟ. ಅದು ಕಿಯ್ ಎಂದಿತು. ಅತ್ತೆ ಅದನ್ನು ಕೆನ್ನೆಗೊತ್ತಿಕೊಂಡು ಕಣ್ಣೊರೆಸಿಕೊಂಡರು. ಅವರ ಕಣ್ಣು ಒಣಗುವವರೆಗೆ ಕಾದು, ಮೇಸ್ತ್ರಿ ಗಂಟಲು ಸರಿಮಾಡಿಕೊಂಡು ಕಾಗದ ಬಿಡಿಸಿದ.

“ಎಲ್ರೂ ಇದೀರಲ್ಲ, ಒಳ್ಳೇದಾಯ್ತು. ಡಾಕ್ಟ್ರು ಬರೆದಿರೋದು ಓದ್ತೀನಿ. ‘ಈ ಪ್ರಾಣಿಗೆ ಕಳೆದ ಏಳೆಂಟು ತಿಂಗಳಿಂದ ಪ್ರತಿದಿನ ಮೆತ್ತನೆಯ ಆಹಾರ ತಿನ್ನಿಸಿದ್ದರಿಂದ ಹಲ್ಲು ಸವೆಯದೆ ಬೆಳೆದು ಈ ಸ್ಥಿತಿ ಉಂಟಾಗಿದೆ. ಮೂರು ದಿನ ನೋಡಿಕೊಂಡವರ ತಪ್ಪು ಇದರಲ್ಲಿ ಇಲ್ಲ.’ ಸೀಲಿದೆ. ಬೇಕಾದ್ರೆ ಮುಟ್ಟಿ ನೋಡಿ.”

ಎಲ್ಲರ ಕಣ್ಣೂ ಅತ್ತೆಯ ಮೇಲೆ. ಅತ್ತೆಯ ಮುಖ ಕೆಂಪಾಯಿತು, ಆಮೇಲೆ ಬಿಳಿಚಿತು. ಮೇಸ್ತ್ರಿ ಆ ಬಣ್ಣಗಳನ್ನು ಒಂದೊಂದಾಗಿ ಸವಿದ.

“ಅಮ್ಮಾ, ಬ್ರೆಡ್ಡು ನೆನೆಸಿ ಕೊಡ್ತಿದ್ದೆಯಾ ಇದಕ್ಕೆ?” ಎಂದಳು ಹೆಂಡತಿ.

“ಕೊಡ್ತಿದ್ದೆ.” ಅತ್ತೆಯ ದನಿ ಸಣ್ಣದಾಗಿತ್ತು. “ಒಬ್ಬಳೇ ಎಷ್ಟು ಅಂತ ತಿನ್ಲಿ? ಅದಕ್ಕೂ ಅರ್ಧ ಕೊಡ್ತಿದ್ದೆ.”

“ಏನು ಅರ್ಧ?”

“ನೀನು ತಟ್ಟೇಗೆ ಹಾಕಿದ್ದೆಲ್ಲ. ಗಟ್ಟಿ ಬ್ರೆಡ್ಡು, ಬಾದಾಮಿ ಬಿಸ್ಕತ್ತು, ಎಲ್ಲಾ. ಕರವಸ್ತ್ರದಲ್ಲಿ ಸುತ್ಕೊಂಡು ನನ್ನ ಕೋಣೆಗೆ ತಗೊಂಡು ಹೋಗಿ, ಹಾಲಲ್ಲಿ ನೆನೆಸಿ ನಾನರ್ಧ, ಇದರ್ಧ.” ಅವರು ಅಳಿಯನ ಕಡೆ ನೋಡಲಿಲ್ಲ. “ನಂಗೆ ಅಗಿಯಕ್ಕಾಗಲ್ಲ ಕಣೇ. ಎಂಟು ತಿಂಗಳಾಯ್ತು. ಮೇಲಿಂದು ಕೆಳಗಿಂದಕ್ಕೆ ಕೂರೋದೇ ಇಲ್ಲ. ನಗೋಕಷ್ಟೇ ಚೆನ್ನಾಗಿದೆ.”

ಮೇಸ್ತ್ರಿಯ ಕೈಯಲ್ಲಿದ್ದ ಕಾಗದ ತಾನಾಗಿಯೇ ಕೆಳಗಿಳಿಯಿತು.

“ಮತ್ತೆ ಹೇಳ್ಬಾರ್ದಿತ್ತಾ ಅತ್ತೇ?”

“ಹೇಗಪ್ಪಾ ಹೇಳ್ಲಿ?” ಅತ್ತೆ ಈಗ ತಲೆಯೆತ್ತಿದರು. ಆರು ವರ್ಷದಲ್ಲಿ ಅವರು ಅಷ್ಟು ಮೃದುವಾಗಿ ಅವನ ಜೊತೆ ಮಾತಾಡಿರಲಿಲ್ಲ. “ನೀನು ಅಷ್ಟು ಖುಷಿಯಾಗಿದ್ದೆ. ಊಟಕ್ಕೆ ಕೂತಾಗೆಲ್ಲ ನನ್ನ ಬಾಯೇ ನೋಡ್ತಿದ್ದೆ. ನಿಂಗೆ ಗೊತ್ತಿರೋದು ಅದೊಂದೇ ಕೆಲ್ಸ. ಅದೂ ಬರಲ್ಲ ಅಂತ ಹೇಗೆ ಹೇಳ್ಲಿ?”

ಸಂಗೀತದ ಮೇಡಂ ಸೂರು ನೋಡಿದರು. ಹೆಂಡತಿ ನೆಲ ನೋಡಿದಳು. ಮೇಸ್ತ್ರಿಗೆ ನೋಡಲು ಎಲ್ಲೂ ಜಾಗ ಉಳಿಯಲಿಲ್ಲ. ಅವನು ಅಡುಗೆಮನೆಗೆ ಹೋಗಿ ಹಸಿರು ಪುಡಿಯನ್ನು ಬೆಚ್ಚಗಿನ ನೀರಲ್ಲಿ ಕಲಸಿಕೊಂಡು ಬಂದು ಅತ್ತೆಯ ಕಾಲ ಬಳಿ ಕೂತ. ದಿಂಬು ಸಿರಿಂಜನ್ನು ನೋಡಿ ತಾನೇ ಬಾಯಿ ಮುಂದೆ ತಂದಿತು, ಚಪ್ಪರಿಸಿ ಚಪ್ಪರಿಸಿ ಕುಡಿಯಿತು. ಅತ್ತೆ ಬಟ್ಟಲಿನೊಳಗೆ ಬಗ್ಗಿ ನೋಡಿದರು.

“ಎಷ್ಟು ಮೆತ್ತಗಿದೆ” ಎಂದರು. ಅವರ ದನಿಯಲ್ಲಿ ಆಸೆಯಿತ್ತು. ಬೆಳಿಗ್ಗೆಯಿಂದ ಅವರೂ ಏನೂ ತಿಂದಿರಲಿಲ್ಲ.

ಆಮೇಲೆ ದಿಂಬುವಿನ ತುಟಿಯನ್ನು ಬೆರಳಲ್ಲಿ ಸರಿಸಿ ಒಳಗೆ ಇಣುಕಿದರು. “ಒಂದೇ ಮಧ್ಯಾಹ್ನದಲ್ಲಿ ಸರಿ ಮಾಡಿದ್ರಾ ಇಷ್ಟೂ ಹಲ್ಲು?”

“ಹೌದತ್ತೆ.”

“ನಾಳೆ ಮತ್ತೆ ಹೋಗ್ಬೇಕಂತಾ?”

“ಬೆಳಿಗ್ಗೆ ಹತ್ತಕ್ಕೆ.”

“ಹಾಗಾದ್ರೆ ನಾನೂ ಬರ್ತೀನಿ. ಆ ಡಾಕ್ಟರಮ್ಮ ನನ್ನ ಬಾಯೂ ಒಂದ್ಸಲ ನೋಡ್ಲಿ” ಎಂದರು ಅತ್ತೆ, ತಮಾಷೆಯ ಸುಳಿವೇ ಇಲ್ಲದೆ.

ಮೇಸ್ತ್ರಿ ಬಾಯಿ ತೆರೆದ. ಅದು ಪ್ರಾಣಿಗಳ ಆಸ್ಪತ್ರೆ ಎಂದು ಹೇಳಬೇಕೆಂದುಕೊಂಡ. ಅಷ್ಟರಲ್ಲಿ ಬಾಗಿಲ ಬಳಿ ಕಟಕ್ಕೆಂದು ಸದ್ದಾಯಿತು. ಕಂಡಕ್ಟರರು ತಮ್ಮ ಸೆಟ್ಟನ್ನು ಬಾಯಿಂದ ತೆಗೆದು, ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಗಲ್ಲ ಒಳಕ್ಕೆ ಹೋಗಿದ್ದರೂ ಮುಖದಲ್ಲಿ ಬಹಳ ದಿನಗಳ ನಂತರ ಒಂದು ನೆಮ್ಮದಿ ಕಾಣಿಸುತ್ತಿತ್ತು.

“ಬಸ್ಸಲ್ಲಿ ನಂಗೂ ಒಂದು ಸೀಟು ಹಿಡೀರಿ ಮೇಸ್ತ್ರಿ” ಎಂದರು.